ಬೋರ್ ನೀರಲ್ಲಿ ಮಾಸುತ್ತಿದ್ದ ಸೈನೊಟೈಪ್ ಸರಿಹೋದದ್ದು ಹೀಗೆ

ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಸೈನೊಟೈಪನ್ನು, ಅಂದರೆ ರಾಸಾಯನಿಕ ಬಳಿದ ಹಾಳೆಯ ಮೇಲೆ ಎಲೆಯಂಥದ್ದನ್ನಿಟ್ಟು ಬಿಸಿಲಲ್ಲಿ ನೀಲಿ ಚಿತ್ರ ಮೂಡಿಸುವುದನ್ನು, ರಾಯಚೂರಿನಲ್ಲಿ ಹುಡುಗರಿಗೆ ಕಲಿಸುತ್ತೇನೆ. ಬಿಸಿಲಿನಿಂದ ತೆಗೆದಾಗ ಚಿತ್ರ ಸರಿಯಾಗಿಯೇ ಇರುತ್ತಿತ್ತು. ಬೋರ್ ನೀರಿಗೆ ಹಾಕಿದ ಐದು ನಿಮಿಷಕ್ಕೆ ನೀಲಿ ಮಾಸಿ, ಬೇವಿನೆಲೆಯ ಬಿಳಿ ಅಚ್ಚಿನ ಮೇಲೆ ಹಳದಿ ಕಲೆ ಉಳಿಯುತ್ತಿತ್ತು.

ಬಿಸಿಲಿಗಿಡುವ ಹೊತ್ತನ್ನು 10ರಿಂದ 20 ನಿಮಿಷಕ್ಕೆ ಏರಿಸಿದೆ, ಹೊಸ ರಾಸಾಯನಿಕ ತಂದೆ. ಎರಡೂ ಉಪಯೋಗಕ್ಕೆ ಬರಲಿಲ್ಲ. ಫಿಲ್ಟರ್ ನೀರಲ್ಲಿ ತೊಳೆದಾಗ ಅರ್ಧ ಸರಿಹೋಯಿತು. ಈ ಚಿತ್ರದ ಬಣ್ಣವಾದ ಪ್ರಶ್ಯನ್ ನೀಲಿಗೆ ಕ್ಷಾರ ಆಗಿಬರುವುದಿಲ್ಲ. ನನ್ನ ಬೋರ್ ನೀರೂ ಕ್ಷಾರ, ಡ್ರಾಯಿಂಗ್ ಹಾಳೆಯೊಳಗೆ ಕ್ಷಾರಗುಣದ ಕ್ಯಾಲ್ಸಿಯಂ ಕಾರ್ಬೊನೇಟೂ ಇತ್ತು.

ಹಾಗಾಗಿ ಮೊದಲು ಹಾಳೆಯನ್ನೇ ಸರಿಮಾಡಬೇಕು. ಲೀಟರ್ ನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಹಾಳೆ ಮುಳುಗಿಸಿ. ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳುತ್ತವೆ. ಅವು ನಿಲ್ಲುವವರೆಗೂ ತೆಗೆಯಬೇಡಿ. ಫಿಲ್ಟರ್ ನೀರಲ್ಲಿ ಜಾಲಿಸಿ, ಪೂರ್ತಿ ಒಣಗಿಸಿ.

100 ಮಿಲಿ ನೀರಿಗೆ 25 ಗ್ರಾಂ ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್, ಇನ್ನೊಂದು 100 ಮಿಲಿಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸೈನೈಡ್. ಎರಡನ್ನೂ ಸಮ ಬೆರೆಸಿ, ಮಂದ ಬಲ್ಬಿನ ಬೆಳಕಲ್ಲಿ ಹಾಳೆಗೆ ಬಳಿಯಿರಿ. ಫೆರಿಸೈನೈಡಿಗೆ ಬ್ಯಾಟರಿ ಆಸಿಡ್‌ನಂಥ ಬಲವಾದ ಆಮ್ಲ ತಾಗಿಸಲೇಬೇಡಿ.

ಬಿಸಿಲಿಗಿಟ್ಟ ಮೇಲೆ, ಲೀಟರಿಗೆ 10 ಗ್ರಾಂ ನಿಂಬೆ ಉಪ್ಪು ಹಾಕಿದ ಫಿಲ್ಟರ್ ನೀರಲ್ಲಿ ಮೊದಲು ಎರಡು ನಿಮಿಷ ತೊಳೆಯಿರಿ. ನಂತರ ಹಳದಿ ಬಿಡುವವರೆಗೆ ಬರೀ ಫಿಲ್ಟರ್ ನೀರು. ಕೊನೆಯ ಸಲಕ್ಕೂ ಬೋರ್ ನೀರು ಬೇಡ.