ಮೂರನೇ ಸಲ ಡ್ರುಪಲ್‌ಕಾನ್ ದಂಡ ಆಗಲಿಲ್ಲ

"ಪಿಕ್ನಿಕ್ ಮುಗೀತಾ?" ಅಂತ ನಮ್ಮ ಅಕೌಂಟ್ಸ್ ಮೇಡಂ ಎರಡು ವರ್ಷ ಕೇಳಿದ್ದರು. ಮೂರನೇ ವರ್ಷ ಕೇಳಲಿಲ್ಲ. ಆ ಧೈರ್ಯದಲ್ಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸಣ್ಣ ಕಂಪನಿ. ಇಪ್ಪತ್ತು ಚಿಲ್ಲರೆ ಜನ, ಮುಕ್ಕಾಲು ಪಾಲು ಡ್ರುಪಲ್ (ವೆಬ್‌ಸೈಟ್ ಕಟ್ಟುವ ಮುಕ್ತ ತಂತ್ರಾಂಶ) ಕೆಲಸ. ಟೀಮನ್ನು ಡ್ರುಪಲ್‌ಕಾನ್‌ಗೆ, ಅಂದರೆ ಡ್ರುಪಲ್‌ನವರ ಸಮ್ಮೇಳನಕ್ಕೆ, ಕರೆದುಕೊಂಡು ಹೋಗುವ ಹುಚ್ಚು ಹತ್ತಿಸಿದ್ದು ನಾನೇ. ಮೊದಲ ಎರಡು ಸಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಯ್ತು.

ಲೆಕ್ಕದ ರೀತಿ ಮೊದಲೇ ಹೇಳಿಬಿಡುತ್ತೇನೆ. ನಾನು ಖರ್ಚನ್ನು ಬಿಲ್ಲಿಂಗ್ ದಿನದಲ್ಲಿ ಅಳೆಯುತ್ತೇನೆ. ಒಬ್ಬ ಡೆವಲಪರ್‌ನ ಒಂದು ದಿನಕ್ಕೆ ಗ್ರಾಹಕ ಕೊಡುವ ದುಡ್ಡು ಅಂದರೆ ಒಂದು ದಿನ. ಟಿಕೆಟ್, ರೂಮು, ಓಡಾಟ ಎಲ್ಲವನ್ನೂ ಅದರಿಂದಲೇ ಭಾಗಿಸುತ್ತೇನೆ. ಹೀಗೆ ಹೇಳಿದರೆ ಬಾಸ್‌ಗೆ ಬೇಗ ಅರ್ಥವಾಗುತ್ತದೆ, ಬೇಗ ಕೋಪವೂ ಬರುತ್ತದೆ.

ಮೊದಲ ವರ್ಷ ಆರು ಜನ ಹೋದೆವು. ಓಡಾಟ ಸೇರಿ ತಲಾ ಐದು ದಿನ, ಅಲ್ಲಿಗೆ 30. ಉಳಿದ ಖರ್ಚು ಸೇರಿಸಿದರೆ ಸುಮಾರು 55 ದಿನ. ಮಾಡಿದ್ದೇನು? ಆರೂ ಜನ ಒಂದೇ ಸಾಲಿನಲ್ಲಿ ಕೂತು ಒಂದೇ ಸೆಷನ್ ಕೇಳಿದೆವು. ವಾಪಸ್ ಬಂದು ಆಫೀಸಿನಲ್ಲಿ ವರದಿ ಒಪ್ಪಿಸುವಾಗ ಮೂರು ಜನರ ಸ್ಲೈಡ್‌ನಲ್ಲಿ ಒಂದೇ ಫೋಟೋ ಇತ್ತು, ಕೋನ ಮಾತ್ರ ಬೇರೆ.

ಡ್ರುಪಲ್‌ಕಾನ್‌ನ ಸೆಷನ್‌ಗಳು ಹೇಗೂ ರೆಕಾರ್ಡ್ ಆಗಿ ಯೂಟ್ಯೂಬ್‌ಗೆ ಬರುತ್ತವೆ. 2024ರ ಮೇನಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಡ್ರುಪಲ್ ಹುಟ್ಟುಹಾಕಿದ ಡ್ರೀಸ್ ಬೈಟಾರ್ಟ್ ಸ್ಟಾರ್‌ಶಾಟ್ ಅನ್ನುವ ಹೊಸ ಯೋಜನೆ ಘೋಷಿಸಿದಾಗ ನಾವು ಅಲ್ಲಿರಲಿಲ್ಲ. ಆಮೇಲೆ ಡ್ರೀಸ್‌ನೋಟ್ (ಅವರ ಮುಖ್ಯ ಭಾಷಣ) ರೆಕಾರ್ಡಿಂಗನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡಿದೆವು. ಏನೂ ಕಳೆದುಕೊಂಡ ಹಾಗೆ ಅನ್ನಿಸಲಿಲ್ಲ. ಸೆಷನ್ ಕೇಳಲಿಕ್ಕೆ ಅಂತ ಟೀಮನ್ನು ಕಳಿಸುವುದು ವ್ಯರ್ಥ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜಗಳ ಆಡುವವರು ಆಡಬಹುದು.

ಎರಡನೇ ವರ್ಷ ಇನ್ನೂ ದೊಡ್ಡ ತಪ್ಪು ಮಾಡಿದೆ. ಸ್ಪಾನ್ಸರ್ ಆಗಿ ಎಕ್ಸ್‌ಪೋ ಹಾಲ್‌ನಲ್ಲಿ ಟೇಬಲ್ ಹಾಕಿಸಿದೆ. ಬ್ಯಾನರ್, ಸ್ಟಿಕ್ಕರ್, ಟೀ ಶರ್ಟ್. ಒಟ್ಟು 95 ದಿನದ ಹತ್ತಿರ ಹೋಯ್ತು. ಟೇಬಲ್‌ಗೆ ಬಂದವರು ಯಾರು? ನಮ್ಮ ಹಾಗೇ ಟೇಬಲ್ ಹಾಕಿದ್ದ ಬೇರೆ ಕಂಪನಿಯವರು! ಅವರ ಸ್ಟಿಕ್ಕರ್ ನಮಗೆ ಕೊಟ್ಟು, ನಮ್ಮದು ತಗೊಂಡು ಹೋದರು. ಸ್ಕ್ಯಾನ್ ಮಾಡಿಕೊಂಡಿದ್ದು 140 ಬ್ಯಾಡ್ಜ್ ಇರಬೇಕು. ಆಮೇಲೆ ಮೇಲ್ ಕಳಿಸಿದರೆ ಉತ್ತರ ಬಂದಿದ್ದು ಮೂರು, ಅದರಲ್ಲಿ ಎರಡು ಕೆಲಸ ಕೇಳಿ.

ಅದು ಸಾಲದು ಅಂತ ಒಬ್ಬೊಬ್ಬರೂ ಹತ್ತು ಜನರ ಪರಿಚಯ ಮಾಡಿಕೊಂಡು ಬರಬೇಕು ಅಂತ ಟಾರ್ಗೆಟ್ ಬೇರೆ ಕೊಟ್ಟಿದ್ದೆ. ಹುಡುಗರು ಬುದ್ಧಿವಂತರು. ಒಬ್ಬರು ತಂದ ಹೆಸರನ್ನೇ ಹಂಚಿಕೊಂಡು ಬರೆದಿದ್ದರು. ಒಬ್ಬನೇ ಮನುಷ್ಯ ಮೂರು ಸ್ಪೆಲ್ಲಿಂಗ್‌ನಲ್ಲಿ ನನ್ನ ಶೀಟ್‌ನಲ್ಲಿದ್ದ. ಸೆಷನ್ ಕೊಡುತ್ತೇವೆ ಅಂತ ಐದು ಪ್ರಪೋಸಲ್ ಕಳಿಸಿದ್ದೆವು, ಐದೂ ತಿರಸ್ಕಾರ.

ಆ ವರ್ಷ ಒಂದೇ ಒಂದು ಒಳ್ಳೆಯದಾಯಿತು, ಅದೂ ತಾನಾಗಿ. ಟೇಬಲ್ ಹತ್ತಿರ ನಿಂತು ಬೇಜಾರಾಗಿ ನಮ್ಮ ಒಬ್ಬಳು ಜೂನಿಯರ್ ಕಾಂಟ್ರಿಬ್ಯೂಷನ್ ರೂಮಿಗೆ (ಎಲ್ಲರೂ ಕೂತು ಡ್ರುಪಲ್‌ನ ಕೋಡ್ ತಿದ್ದುವ ಜಾಗ) ಹೋಗಿ ಕೂತಳು. ಸಂಜೆಯೊಳಗೆ ಒಂದು ಸಣ್ಣ ತಿದ್ದುಪಡಿ ಮರ್ಜ್ ಮಾಡಿಸಿಕೊಂಡು, ಅಂದರೆ ಮೂಲ ಕೋಡಿಗೆ ಸೇರಿಸಿಕೊಂಡು, ಬಂದಳು. ಆಫೀಸಿನಲ್ಲಿ ಕೂತು ನಾವು ಹತ್ತು ತಿಂಗಳು ಕಾದರೂ ಆಗದ ಕೆಲಸ ಅದು. ಆದರೆ ಪ್ರೊಫೈಲ್‌ನಲ್ಲಿ ಅವಳು ಕಂಪನಿ ಹೆಸರು ಸೇರಿಸಿರಲಿಲ್ಲ, ನಾನೂ ಹೇಳಿರಲಿಲ್ಲ. ಕ್ರೆಡಿಟ್ ಅವಳಿಗೆ ಬಂತು, ಕಂಪನಿಗೆ ಸೊನ್ನೆ. ಇದೊಂದನ್ನು ಹೊರಡುವ ಮೊದಲೇ ನೋಡಿಕೊಳ್ಳಿ. ಡ್ರುಪಲ್ ತಾಣದ ಕಂಪನಿ ಪಟ್ಟಿಯಲ್ಲಿ ಯಾರು ಮೇಲೆ ಬರುತ್ತಾರೆ ಅನ್ನುವುದಕ್ಕೆ ಆ ಕ್ರೆಡಿಟ್‌ಗಳೂ ಲೆಕ್ಕಕ್ಕೆ ಬರುತ್ತವೆ.

ಮೂರನೇ ಸಲ ಹೋಗೋಣ ಅಂದಾಗ ಬಾಸ್ ಮುಖ ನೋಡಬೇಕಿತ್ತು. "ನಾಲ್ಕೇ ಜನ ಸರ್, ಟೇಬಲ್ ಇಲ್ಲ. ದಂಡ ಆದ್ರೆ ನನ್ನ ಬೋನಸ್‌ನಲ್ಲಿ ಹಿಡ್ಕೊಳ್ಳಿ" ಅಂದೆ. "ಬೋನಸ್ ಇದ್ರೆ ತಾನೆ ಹಿಡಿಯೋದು" ಅಂದರು. ಅದನ್ನೇ ಒಪ್ಪಿಗೆ ಅಂದುಕೊಂಡೆ.

ಈ ಸಲ ಮಾಡಿದ್ದು ಇಷ್ಟು. ಎಲ್ಲ ಗ್ರಾಹಕರ ಸೈಟ್‌ಗಳ ಕಂಪೋಸರ್ ಫೈಲ್ (ಸೈಟ್‌ಗೆ ಬೇಕಾದ ಕೋಡ್‌ಗಳ ಪಟ್ಟಿ) ತೆಗೆದು, ನಾವು ಹೊತ್ತುಕೊಂಡು ತಿರುಗುತ್ತಿರುವ ಪ್ಯಾಚ್‌ಗಳ, ಅಂದರೆ ಮೂಲ ಕೋಡಿಗೆ ಇನ್ನೂ ಸೇರದ ತೇಪೆಗಳ, ಪಟ್ಟಿ ಮಾಡಿದೆ. 9 ಸೈಟ್, 11 ಪ್ಯಾಚ್. ಒಂದಕ್ಕೆ ನಾಲ್ಕು ವರ್ಷ ವಯಸ್ಸು. ಆರು ತಿಂಗಳಿಗೊಮ್ಮೆ ಕೋರ್‌ನ (ಡ್ರುಪಲ್‌ನ ತಿರುಳು) ಹೊಸ ಮೈನರ್ ಆವೃತ್ತಿ ಬಂದಾಗಲೆಲ್ಲ ಯಾವುದೋ ಒಂದಿಷ್ಟು ಪ್ಯಾಚ್ ಕೂರುವುದಿಲ್ಲ ಅನ್ನುತ್ತದೆ. ಅದನ್ನು ಮತ್ತೆ ಕೂರಿಸಿ, ಪರೀಕ್ಷೆ ಮಾಡಿ, ಸೈಟ್ ಮೇಲೆ ಹಾಕುವುದಕ್ಕೆ ಪ್ರತಿ ಸಲ 12 ದಿನ ಹೋಗುತ್ತಿತ್ತು. ವರ್ಷಕ್ಕೆ 24. ಗ್ರಾಹಕ ಇದಕ್ಕೆ ಒಂದು ಪೈಸೆ ಕೊಡುವುದಿಲ್ಲ. ಕಾನ್ಫರೆನ್ಸ್‌ಗೆ ಹೋಗಿ ಈ ಪ್ಯಾಚ್‌ಗಳನ್ನು ಮೂಲಕ್ಕೆ ಸೇರಿಸಿ ಹೊರೆ ಇಳಿಸಿ ಬರಬೇಕು. ಉಳಿದಿದ್ದೆಲ್ಲ ಗೌಣ.

(ನಡುವೆ ಒಂದು ಮಾತು. ಮರ್ಜ್ ರಿಕ್ವೆಸ್ಟ್‌ನ, ಅಂದರೆ ತಿದ್ದುಪಡಿ ಸೇರಿಸಿ ಅನ್ನುವ ಕೋರಿಕೆಯ, ಪ್ಯಾಚ್ ಲಿಂಕನ್ನು ನೇರವಾಗಿ ಕಂಪೋಸರ್‌ಗೆ ಕೊಟ್ಟವರು ಇನ್ನೂ ಇದ್ದೀರಿ ಅಂತ ಗೊತ್ತು. ಯಾರೋ ಹೊಸ ಕಮಿಟ್ ತಳ್ಳಿದರೆ ಆ ಲಿಂಕ್‌ನೊಳಗಿನ ಕೋಡ್ ಬದಲಾಗಿ, ಗೊತ್ತೇ ಆಗದೆ ನಿಮ್ಮ ಪ್ರೊಡಕ್ಷನ್‌ಗೆ ಬರುತ್ತದೆ. ಫೈಲ್ ಇಳಿಸಿಕೊಂಡು ನಿಮ್ಮ ರೆಪೋದಲ್ಲಿಡಿ. ನಮಗೆ ಒಂದು ಶುಕ್ರವಾರ ಸಂಜೆ ಈ ಪಾಠ ಆಗಿದೆ.)

11ರಲ್ಲಿ ಆರು ಆರಿಸಿಕೊಂಡೆವು. ಆರಿಸಲು ಎರಡು ಜರಡಿ. ಒಂದು, ಯಾರೋ ಆಗಲೇ ಮರ್ಜ್ ರಿಕ್ವೆಸ್ಟ್ ಹಾಕಿ, ಟೆಸ್ಟ್ (ತಿದ್ದುಪಡಿಯನ್ನು ಪರೀಕ್ಷಿಸುವ ಕೋಡ್) ಇಲ್ಲ ಅನ್ನುವ ಕಾರಣಕ್ಕೆ 'ನೀಡ್ಸ್ ವರ್ಕ್'ನಲ್ಲಿ (ಇನ್ನೂ ಕೆಲಸ ಬಾಕಿ ಅನ್ನುವ ಹಂತ) ಕೊಳೆಯುತ್ತಿರುವ ಇಶ್ಯೂ (ದಾಖಲಾದ ದೋಷ) ಆಗಿರಬೇಕು. ಎರಡು, ಆ ಮಾಡ್ಯೂಲಿನ (ಡ್ರುಪಲ್‌ಗೆ ಜೋಡಿಸುವ ಬಿಡಿಭಾಗ) ಮೇಂಟೇನರ್, ಅಂದರೆ ಅದನ್ನು ನೋಡಿಕೊಳ್ಳುವವರು, ಅಲ್ಲಿಗೆ ಬರುತ್ತಿರಬೇಕು. ಬರುತ್ತಾರೆ ಅಂತ ಹೇಗೆ ತಿಳಿಯುವುದು, ಬಂದವರನ್ನು ಯಾವ ಹೊತ್ತಿನಲ್ಲಿ ಹಿಡಿಯುವುದು ಅನ್ನುವುದನ್ನು ಮಾತ್ರ ಹೇಳಲಾರೆ. ಅದು ನಮ್ಮ ಹೊಟ್ಟೆಪಾಡು.

ಹೊರಡುವ ಆರು ವಾರ ಮೊದಲೇ ಕೆಲಸ ಶುರು. ರೀಬೇಸ್ ಮಾಡುವುದು (ಹಳೇ ತಿದ್ದುಪಡಿಯನ್ನು ಹೊಸ ಕೋಡಿನ ಮೇಲೆ ಕೂರಿಸುವುದು), ಟೆಸ್ಟ್ ಬರೆಯುವುದು, ಇಶ್ಯೂನಲ್ಲಿ ಕಾಮೆಂಟ್ ಹಾಕಿ ಮುಖ ಪರಿಚಯ ಮಾಡಿಕೊಳ್ಳುವುದು. ಪ್ರತಿ ಇಶ್ಯೂನಲ್ಲೂ ಒಂದು ನಿಜವಾದ ಪ್ರಶ್ನೆ ಬಾಕಿ ಉಳಿಸಿಕೊಂಡೆವು. ಎದುರು ಸಿಕ್ಕಾಗ ಕೇಳಲು ಏನಾದರೂ ಬೇಕಲ್ವಾ? "ನಮ್ಮದು ಸ್ವಲ್ಪ ನೋಡಿ" ಅಂದರೆ ಯಾರೂ ನೋಡುವುದಿಲ್ಲ. "ಇಲ್ಲಿ ಈ ದಾರಿಯೋ ಆ ದಾರಿಯೋ" ಅಂದರೆ ಅಲ್ಲೇ ಕೂತುಬಿಡುತ್ತಾರೆ.

ಇನ್ನು ವೈಫೈ. ಹಿಂದಿನ ಸಲ ಕಾಂಟ್ರಿಬ್ಯೂಷನ್ ರೂಮಿನಲ್ಲಿ ನೂರಾರು ಜನ ಒಟ್ಟಿಗೆ ಡಾಕರ್ ಇಮೇಜ್ (ಸೈಟ್ ಓಡಿಸಲು ಬೇಕಾದ ದೊಡ್ಡ ಫೈಲ್) ಎಳೆಯುತ್ತಿದ್ದರಂತೆ. ನಮ್ಮ ಹುಡುಗಿ ಎರಡು ಗಂಟೆ ಬರೀ ಪ್ರೋಗ್ರೆಸ್ ಬಾರ್ ನೋಡಿದ್ದಳು. ಈ ಸಲ ನಾಲ್ಕೂ ಲ್ಯಾಪ್‌ಟಾಪ್‌ನಲ್ಲಿ ಡಿಡೆವ್ (ಲ್ಯಾಪ್‌ಟಾಪ್‌ನಲ್ಲೇ ಸೈಟ್ ಓಡಿಸುವ ಸಲಕರಣೆ) ಇಮೇಜ್‌ಗಳನ್ನು ಮೊದಲೇ ಇಳಿಸಿ, ವೈಫೈ ಆಫ್ ಮಾಡಿ ಸೈಟ್ ಏಳುತ್ತದಾ ಅಂತ ನೋಡಿಯೇ ಹೊರಟೆವು. ಜೊತೆಗೆ ಒಂದು ಎಸ್‌ಎಸ್‌ಡಿಯಲ್ಲಿ ಕೋರ್‌ನ ಗಿಟ್ ಕ್ಲೋನ್, ಇಮೇಜ್‌ಗಳು, ಕಂಪೋಸರ್ ಕ್ಯಾಶ್ ಎಲ್ಲ ತುಂಬಿದ್ದೆ. ಆ ಎಸ್‌ಎಸ್‌ಡಿ ಕತೆ ಆಮೇಲೆ.

ಒಂದು ಇಶ್ಯೂ ಹೇಗೆ ಮುಗಿಯಿತು ಅಂತ ಹೇಳುತ್ತೇನೆ. ಹುಡುಕಾಟದ ಫಾರ್ಮ್‌ನಲ್ಲಿ ರೀಸೆಟ್ ಒತ್ತಿದರೆ ಯುಆರ್‌ಎಲ್‌ನಲ್ಲಿದ್ದ ಭಾಷೆಯ ಪ್ಯಾರಾಮೀಟರ್ ಹಾರಿಹೋಗುತ್ತಿತ್ತು. ತಿದ್ದುಪಡಿ ಮೂರೇ ಸಾಲು. ಮೇಂಟೇನರ್ ಬಂದರು, ಕುರ್ಚಿ ಕೂಡ ಎಳೆದುಕೊಳ್ಳಲಿಲ್ಲ, ಬಗ್ಗಿ ಸ್ಕ್ರೀನ್ ನೋಡಿದರು. "ಟೆಸ್ಟ್?" ಅಂದರು. ಇದೆ ಅಂದಳು ನಮ್ಮ ಜೂನಿಯರ್. ಪೈಪ್‌ಲೈನ್ (ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ) ಹಸಿರು, ಅಂದರೆ ಪಾಸ್. ಅವರು ಸುಮ್ನೆ 'ಟೆಸ್ಟ್ ಓನ್ಲಿ' ಜಾಬ್ ಒತ್ತಿದರು. ಅದು ತಿದ್ದುಪಡಿಯನ್ನು ತೆಗೆದು ಬರೀ ಟೆಸ್ಟ್ ಓಡಿಸುತ್ತದೆ, ಆಗ ಟೆಸ್ಟ್ ಬೀಳಬೇಕು. ನಮ್ಮದು ಬೀಳಲಿಲ್ಲ, ಅಲ್ಲೂ ಹಸಿರು! ಅಂದರೆ ನಮ್ಮ ಟೆಸ್ಟ್ ಏನನ್ನೂ ಪರೀಕ್ಷಿಸುತ್ತಿರಲಿಲ್ಲ. ನೋಡಿದರೆ ಪುಟ 200 ಕೊಟ್ಟಿತಾ (ಸರಿಯಾಗಿ ತೆರೆಯಿತಾ) ಅಂತ ಮಾತ್ರ ಕೇಳುತ್ತಿದ್ದೆವು. ಅವರು ನಕ್ಕು ಮುಂದಿನ ಟೇಬಲ್‌ಗೆ ಹೋದರು. ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು, ಆ ಟೆಸ್ಟ್ ರಿವ್ಯೂ ಮಾಡಿದ್ದವನು ನಾನೇ.

ಅವಳು ತಲೆ ಎತ್ತದೆ ಇಪ್ಪತ್ತು ನಿಮಿಷ ಕೂತಳು. ರೀಸೆಟ್ ಒತ್ತಿದ ಮೇಲಿನ ವಿಳಾಸವನ್ನೇ ಹಿಡಿದು ಹೋಲಿಸುವ ಹಾಗೆ ಬರೆದಳು. ಮತ್ತೆ ಟೆಸ್ಟ್ ಓನ್ಲಿ. ಕೆಂಪು. ಕೆಂಪು ನೋಡಿ ನಾವು ನಾಲ್ಕೂ ಜನ ಕುಣಿದಿದ್ದು ಅದೇ ಮೊದಲು. ಪಕ್ಕದ ಟೇಬಲ್‌ನ ಒಬ್ಬರು ಓಡಿಸಿ ನೋಡಿ ಆರ್‌ಟಿಬಿಸಿ ಹಾಕಿದರು, ಅಂದರೆ ಪರೀಕ್ಷಿಸಿದ್ದೇನೆ, ಸೇರಿಸಬಹುದು ಅನ್ನುವ ಗುರುತು (ನಮ್ಮ ಕೆಲಸಕ್ಕೆ ನಾವೇ ಹಾಕಿಕೊಳ್ಳುವ ಹಾಗಿಲ್ಲ). ಸಂಜೆ ಮರ್ಜ್ ಆಯ್ತು.

ಆ ಪಕ್ಕದ ಟೇಬಲ್‌ನವರು ಸಿಕ್ಕಿದ್ದು ಎಸ್‌ಎಸ್‌ಡಿಯಿಂದ. ಬೆಳಗ್ಗೆ ಅವರದ್ದೂ ಇಮೇಜ್ ಇಳಿಯದೆ ಒದ್ದಾಡುತ್ತಿದ್ದರು. ತಗೊಳ್ಳಿ ಅಂತ ಕೊಟ್ಟೆ. ಆಮೇಲೆ ಅದು ಆರೇಳು ಟೇಬಲ್ ಸುತ್ತಿತು. ಮಾತಾಡುತ್ತಾ ಗೊತ್ತಾಯಿತು, ಅವರ ಸಂಸ್ಥೆಯ ಎರಡು ಸೈಟ್ ಇನ್ನೂ ಡ್ರುಪಲ್ 7ರಲ್ಲೇ ಇವೆ. 2025ರ ಜನವರಿ 5ಕ್ಕೆ 7ರ ಬೆಂಬಲ ಮುಗಿಯಲಿಕ್ಕೆ ಆಗ ಕೆಲವೇ ತಿಂಗಳಿತ್ತು, ಮಾಡಿಕೊಡುವವರು ಸಿಕ್ಕಿರಲಿಲ್ಲ. ಸುಮಾರು 60 ದಿನದ ಮೈಗ್ರೇಷನ್ ಕೆಲಸ, ಅಂದರೆ ಸೈಟ್‌ಗಳನ್ನು ಹೊಸ ಡ್ರುಪಲ್‌ಗೆ ಸಾಗಿಸುವುದು, ನಮಗೆ ಬಂತು. 95 ದಿನ ಸುರಿದು ಟೇಬಲ್ ಹಾಕಿದಾಗ ಬರದ ಗ್ರಾಹಕ ಒಂದು ಎಸ್‌ಎಸ್‌ಡಿಗೆ ಬಂದ. ಇದನ್ನು ನನ್ನ ಜಾಣತನ ಅಂತ ಬಾಸ್ ಮುಂದೆ ಹೇಳಿಕೊಂಡಿದ್ದೇನೆ. ನಿಮ್ಮ ಹತ್ತಿರ ಯಾಕೆ ಸುಳ್ಳು, ಅದೃಷ್ಟ.

ಸೆಷನ್ ಸಿಗದಿದ್ದಕ್ಕೆ ಬಾಫ್ (ಒಂದೇ ಆಸಕ್ತಿಯವರು ಸೇರಿ ಮಾತಾಡುವ ಕೂಟ) ಬೋರ್ಡ್‌ನಲ್ಲಿ ಒಂದು ಸ್ಲಾಟ್ ಹಿಡಿದೆವು. 'ಪ್ಯಾಚ್ ಹೊತ್ತು ಸುಸ್ತಾದವರು ಬನ್ನಿ' ಅನ್ನುವ ಅರ್ಥ ಬರುವ ಹೆಸರು. ಹದಿನಾಲ್ಕು ಜನ ಬಂದರು. ಎಲ್ಲರೂ ತಂತಮ್ಮ ಪಟ್ಟಿ ತೆರೆದು ತೋರಿಸಿದೆವು. ನೋಡಿದರೆ ನಮ್ಮ ಎರಡು ಪ್ಯಾಚ್‌ಗಳ ತೊಂದರೆಗೆ ಒಬ್ಬರು ಬರೀ ಕಾನ್ಫಿಗರೇಷನ್‌ನಲ್ಲೇ ಪರಿಹಾರ ಕಂಡುಕೊಂಡಿದ್ದರು. ಎರಡೂ ಅಲ್ಲೇ ಕಸದ ಬುಟ್ಟಿಗೆ.

ಇನ್ನೊಂದು ಪ್ರಯೋಗ ತೋಪಾಯಿತು. ದಿನಕ್ಕೊಂದು ಗಂಟೆ ಲ್ಯಾಪ್‌ಟಾಪ್ ಮುಟ್ಟದೆ ಕಾರಿಡಾರ್‌ನಲ್ಲಿ ಓಡಾಡಬೇಕು ಅಂತ ನಿಯಮ ಮಾಡಿದ್ದೆ. ಇಬ್ಬರು ಚೆನ್ನಾಗಿ ಬೆರೆತರು. ಒಬ್ಬ ಆ ಗಂಟೆ ಪೂರ್ತಿ ಕಂಬದ ಹಿಂದೆ ಫೋನ್ ನೋಡುತ್ತಾ ನಿಂತಿದ್ದ. ಎರಡನೇ ದಿನ ಅವನನ್ನು ಬಿಟ್ಟುಬಿಟ್ಟೆ, ಅವನ ಪಾಡಿಗೆ ಕೂತು ಎರಡು ಇಶ್ಯೂ ಮುಗಿಸಿದ. ರಾತ್ರಿ ಇಪ್ಪತ್ತು ನಿಮಿಷ ಟೀಮ್ ಮೀಟಿಂಗ್ ಅಂತಲೂ ಇಟ್ಟಿದ್ದೆ. ಟ್ರಿವಿಯಾ ನೈಟ್ (ಸಮ್ಮೇಳನದ ಕ್ವಿಜ್ ರಾತ್ರಿ) ದಿನ ನಾನೇ ಹೋಗಲಿಲ್ಲ.

ಈಗ ಲೆಕ್ಕ. ಖರ್ಚು: ನಾಲ್ಕು ಜನರ 20 ದಿನ, ಟಿಕೆಟ್ ಓಡಾಟ ಎಲ್ಲ ಸೇರಿ 18, ಮೊದಲ ಆರು ವಾರದ ತಯಾರಿ ಸುಮಾರು 15. ತಯಾರಿಯನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ವಾದ ಮಾಡಿದೆ, ಮೇಡಂ ಬಿಡಲಿಲ್ಲ. ಅಲ್ಲಿಗೆ 53. ಆರರಲ್ಲಿ ನಾಲ್ಕು ಇಶ್ಯೂ ಎರಡು ತಿಂಗಳೊಳಗೆ ಮರ್ಜ್ ಆದವು, ಒಂದಕ್ಕೆ ಐದು ತಿಂಗಳು ಹಿಡಿಯಿತು. ಬಾಫ್‌ನ ಎರಡು ಸೇರಿಸಿದರೆ 11 ಪ್ಯಾಚ್ ಇದ್ದಿದ್ದು 4ಕ್ಕೆ ಇಳಿಯಿತು. ಮೈನರ್ ಬಂದಾಗ 12 ದಿನ ಹಿಡಿಯುತ್ತಿದ್ದ ಕೆಲಸ ಈಗ ಮೂರ್ನಾಲ್ಕು ದಿನ. ಪ್ಯಾಚ್ ಉಳಿತಾಯ ಒಂದನ್ನೇ ನೋಡಿದರೆ ಖರ್ಚು ಹುಟ್ಟಲು ಮೂರು ವರ್ಷ ಬೇಕು. ಮೈಗ್ರೇಷನ್ ಕೆಲಸದ ಲಾಭ ಸೇರಿಸಿದ್ದಕ್ಕೆ ಆ ವರ್ಷವೇ ಮೇಡಂ ಸುಮ್ಮನಾದರು.

ಉಳಿದ ಆ ಒಂದು ಇಶ್ಯೂ ಇನ್ನೂ 'ನೀಡ್ಸ್ ವರ್ಕ್'ನಲ್ಲೇ ಇದೆ. ಹಳೇ ಸೈಟ್‌ಗಳು ಸರಿಯಾಗಿ ಅಪ್‌ಡೇಟ್ ಆಗುತ್ತವಾ ಅಂತ ತೋರಿಸುವ ಟೆಸ್ಟ್ ಬೇಕಂತೆ. ಅರ್ಧ ಬರೆದಿದ್ದೇವೆ. ಈ ಸಲ ಟೆಸ್ಟ್ ಓನ್ಲಿ ಜಾಬ್ ಮೊದಲೇ ಒತ್ತಿ ನೋಡಿದ್ದೇನೆ, ಕೆಂಪೇ ಬಂದಿದೆ.