ಕಣ್ಣು ಹಳದಿ ಎಲೆಯ ಮೇಲೆ, ಕೊಳೆ ಹೂವಿನ ಒಳಗೆ

ಆಗಸ್ಟ್ ಕೊನೆಯ ವಾರ ನನ್ನ ಗಾಂಜಾ ಗಿಡದ ಬುಡದ ಎಲೆಗಳು ಒಂದೊಂದೇ ಹಳದಿಯಾಗತೊಡಗಿದವು. ತುದಿಯಲ್ಲಿ ಬಿಳಿ ಎಳೆಗಳು ಮೂಡಿ ಹೂವು ಚೆನ್ನಾಗಿಯೇ ಕಟ್ಟುತ್ತಿತ್ತು, ನನ್ನ ಕಣ್ಣು ಮಾತ್ರ ಬುಡದಲ್ಲೇ. ಕೋಲಾರದ ಕಡೆ ಬೆಳೆದವನಿಗೆ ಎಲೆ ಹಳದಿ ಅಂದಕೂಡಲೇ ನೆನಪಾಗುವುದು ಯೂರಿಯಾ. ಸಾರಜನಕ ಜಾಸ್ತಿ ಇರುವ ದ್ರವ ಗೊಬ್ಬರ ತಂದು ವಾರಕ್ಕೆರಡು ಸಲ ಸುರಿದೆ. ಆ ವರ್ಷ ಮಾಡಿದ ತಪ್ಪುಗಳಲ್ಲಿ ದೊಡ್ಡದು ಅದೇ.

ನಾನಿರುವುದು ಕೆನಡಾದ ಒಂಟಾರಿಯೊದಲ್ಲಿ, ಟೊರೊಂಟೊದಿಂದ ಸ್ವಲ್ಪ ಪಶ್ಚಿಮಕ್ಕೆ. 2018ರ ಅಕ್ಟೋಬರ್ 17ರಿಂದ ಇಲ್ಲಿ ವಯಸ್ಕರು ಗಾಂಜಾ ಗಿಡ ಬೆಳೆಸಬಹುದು. ತಲೆಗೆ ನಾಲ್ಕಲ್ಲ, ಮನೆಗೆ ನಾಲ್ಕು. ಪಕ್ಕದ ಕ್ವಿಬೆಕ್‌ನಲ್ಲಿ ಒಂದೂ ಕೂಡದು. ಊರಲ್ಲಿ ಕೂತು ಇದನ್ನು ಓದುತ್ತಿರುವವರು ಕೈಹಾಕಬೇಡಿ: ಭಾರತದ ಮಾದಕವಸ್ತು ಕಾನೂನಾದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಿಡ ಬೆಳೆಸಿದ್ದಕ್ಕೇ ಹತ್ತು ವರ್ಷದವರೆಗೆ ಜೈಲಿದೆ. ವಿಡಿಯೋ ಕಾಲ್‌ನಲ್ಲಿ ಗಿಡ ತೋರಿಸಿದಾಗ ನಮ್ಮಮ್ಮ ಕೇಳಿದ್ದೂ ಅದನ್ನೇ. "ಏನೋ ಅದು, ಭಂಗಿ ಸೊಪ್ಪಾ? ಪೊಲೀಸ್ನೋರು ಬರಲ್ವೇನೋ?"

ಆದರೆ ಮೊದಲ ತೊಂದರೆಗೆ ಮದ್ದು ಹೇಳಿದ್ದು ಅಮ್ಮನೇ. ನೆಟ್ಟಿದ್ದ ಎರಡು ಗಿಡಗಳಲ್ಲಿ ಬೇಲಿ ಪಕ್ಕದ್ದು ಆಗಸ್ಟ್ ಮಧ್ಯಕ್ಕೆ ಹೂವಿಗೆ ಬಂತು, ಹಿತ್ತಿಲ ಬಾಗಿಲ ಹತ್ತಿರದ್ದು ಬರೀ ಎಲೆ ಬಿಡುತ್ತಿತ್ತು. "ರಾತ್ರಿ ಅಲ್ಲಿ ಲೈಟ್ ಉರಿಯುತ್ತೇನೋ? ಸೇವಂತಿಗೆಗೆ ಬಲ್ಬ್ ಕಟ್ಟಿದ್ರೆ ಹೂ ತಡ ಆಗಲ್ವಾ, ಹಂಗೇ ಇರ್ಬೇಕು" ಅಂದರು. ಹೌದಲ್ಲ! ಸೇವಂತಿಗೆಗೂ ಗಾಂಜಾಗೂ ಹೂ ಬಿಡಲು ಉದ್ದನೆಯ ರಾತ್ರಿ ಬೇಕು. ಜೂನ್‌ನಲ್ಲಿ ಇಲ್ಲಿ ಹಗಲು ಹದಿನೈದೂವರೆ ತಾಸು, ಆಗಸ್ಟ್ ಮಧ್ಯಕ್ಕೆ ಹದಿನಾಲ್ಕರ ಆಸುಪಾಸು. ಆ ಇಳಿತವನ್ನು ಗುರುತು ಹಿಡಿದೇ ಗಿಡ ಹೂವಿಗೆ ತಿರುಗುವುದು. ನನ್ನ ಬಾಗಿಲ ದೀಪ ಅದಕ್ಕೆ ರಾತ್ರಿಯನ್ನೇ ತೋರಿಸುತ್ತಿರಲಿಲ್ಲ. ದೀಪ ಆರಿಸಿದ ಮೇಲೆ ಎರಡು ವಾರದಲ್ಲಿ ಮೊಗ್ಗು ಕಂಡಿತು. ಆರಿಸಿ ಹಾಕಿ ಮಾಡಿದರೆ ಇನ್ನೂ ಕೆಟ್ಟದ್ದು: ಹೆಣ್ಣು ಗಿಡವೇ ಗಾಬರಿಬಿದ್ದು ಹೂವಿನ ನಡುವೆ ಪುಟ್ಟ ಬಾಳೆಹಣ್ಣಿನಂಥ ಹಳದಿ ಗಂಡು ಕೇಸರ ಬಿಡಬಹುದು, ಆಮೇಲೆ ಹೂವೆಲ್ಲ ಬೀಜ.

ಈಗ ಹಳದಿ ಎಲೆಗೆ ಬರುತ್ತೇನೆ. ಹೂವು ತುಂಬುವ ಹೊತ್ತಿಗೆ ಗಿಡ ಹಳೆಯ ಎಲೆಗಳ ಸಾರಜನಕವನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಬುಡದಿಂದ ನಿಧಾನವಾಗಿ ಮೇಲೇರುವ ಹಳದಿ ರೋಗವಲ್ಲ, ವಯಸ್ಸು. ನಾನು ಗೊಬ್ಬರ ಸುರಿದದ್ದಕ್ಕೆ ಎಲೆ ದಟ್ಟ ಹಸಿರಾಯಿತು, ಗಿಡ ಪೊದೆಯಾಯಿತು, ನಡುವೆ ಗಾಳಿಯೇ ಆಡದಂತಾಯಿತು. ಮೆತ್ತಗಿನ ಬೆಳವಣಿಗೆ ಶಿಲೀಂಧ್ರಕ್ಕೆ ಹಬ್ಬ.

ಸೆಪ್ಟೆಂಬರ್‌ನಲ್ಲಿ ಮೂರು ದಿನ ಜಿಟಿಜಿಟಿ ಮಳೆ, ಆಮೇಲೆ ಬೆಳಗಾಗೆದ್ದರೆ ಇಬ್ಬನಿ. ಅತಿ ದಪ್ಪಗಿದ್ದ, ದಿನಾ ಫೋಟೋ ತೆಗೆಯುತ್ತಿದ್ದ ತುದಿ ಹೂವಿನಲ್ಲಿ ಒಂದೇ ಒಂದು ಸಣ್ಣ ಎಲೆ ಬಾಡಿ ಕಂದಾಗಿತ್ತು. ಮೆಲ್ಲಗೆ ಎಳೆದೆ, ಬೆಣ್ಣೆಯಿಂದ ಕೂದಲು ಎಳೆದಂತೆ ಬಂದುಬಿಟ್ಟಿತು. ಹೂವು ಬಿಡಿಸಿ ನೋಡಿದರೆ ನಡುವಿನ ಕಡ್ಡಿ ಕಂದು, ಸುತ್ತ ಬೂದು ಬೂಷ್ಟು. ಬೊಟ್ರೈಟಿಸ್ ಅನ್ನುವ ಶಿಲೀಂಧ್ರ. ಒತ್ತೊತ್ತಾದ ದ್ರಾಕ್ಷಿ ಗೊಂಚಲನ್ನು ಒಳಗಿನಿಂದ ಕೊಳೆಸುವುದೂ ಇದೇ. ಹೊರಗೆ ಕಾಣುವ ಹೊತ್ತಿಗೆ ಒಳಗೆ ಮುಗಿದಿರುತ್ತದೆ.

ಗಾಬರಿಯಲ್ಲಿ ಕೊಂಬೆ ಅಲ್ಲಾಡಿಸಿದ್ದು ಇನ್ನೊಂದು ತಪ್ಪು, ಬೀಜಾಣು ಹಾರಿ ಪಕ್ಕದ ಹೂವಿಗೂ ಹತ್ತಿತು. ಕೊಳೆತ ಭಾಗವನ್ನು ಪ್ಲಾಸ್ಟಿಕ್ ಚೀಲದಿಂದ ಮುಚ್ಚಿ, ಕೊಳೆಗಿಂತ ಒಂದೆರಡು ಇಂಚು ಕೆಳಗೆ ಕತ್ತರಿಸಿ, ಚೀಲದ ಸಮೇತ ಎಸೆಯಬೇಕು. ಪ್ರತಿ ಸಲ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಬೇಕು. ಬೂಷ್ಟು ಬಂದ ಹೂವನ್ನು ಒಣಗಿಸಿ ಬಳಸುವ ಆಸೆ ಬೇಡ, ಶ್ವಾಸಕೋಶಕ್ಕೆ ಹೋಗುವ ವಸ್ತು ಅದು. ನಾನು ಅರ್ಧಕ್ಕಿಂತ ಜಾಸ್ತಿ ಎಸೆದೆ. ಹೊಟ್ಟೆ ಉರಿಯಿತು, ಸುಳ್ಳೇಕೆ.

ಒಂದೆರಡು ಹೂವಿನಲ್ಲಿ ಸಾಸಿವೆಯಂಥ ಕಪ್ಪು ಹಿಕ್ಕೆ ಸಿಕ್ಕಿತು, ಒಳಗೆ ಹಸಿರು ಹುಳು. ಅದು ಕೊರೆದ ತೂತಿನಿಂದಲೂ ಕೊಳೆ ಶುರುವಾಗುತ್ತದೆ. ಸಂಜೆ ಟಾರ್ಚ್ ಹಿಡಿದು ಕೈಯಲ್ಲೇ ಆರಿಸಿದೆ. ಬೇವಿನ ಎಣ್ಣೆ ಹೊಡೆಯೋಣ ಅನ್ನಿಸುವುದು ನಮ್ಮವರಿಗೆ ಸಹಜ, ಆದರೆ ಇಲ್ಲಿ ಅದನ್ನು ಕೀಟನಾಶಕವಾಗಿ ನೋಂದಾಯಿಸಿಲ್ಲ, ಮೇಲಾಗಿ ಹೂವಿಗೆ ಹತ್ತಿದ ಎಣ್ಣೆ ಹೋಗುವುದೂ ಇಲ್ಲ. ಎಲೆ ಮೇಲೆ ಹಿಟ್ಟು ಉದುರಿಸಿದಂತೆ ಕಂಡರೆ ಬೂದಿ ರೋಗ. ಅಂಥ ಎಲೆ ಕಿತ್ತು ಗಾಳಿಗೆ ದಾರಿ ಮಾಡಿದೆ, ಅಷ್ಟಕ್ಕೇ ನಿಂತಿತು.

ಮರುವರ್ಷ ಬೇಗ ಮುಗಿಯುವ ತಳಿ ತಂದೆ, ಎರಡರ ನಡುವೆ ಆರಡಿ ಬಿಟ್ಟೆ. ಹೂವು ಶುರುವಾಗುವ ಮುಂಚೆಯೇ ಒಳಗಿನ ಸಣ್ಣ ಕೊಂಬೆಗಳನ್ನು ಸವರಿದೆ. ಆಗಸ್ಟ್‌ನಿಂದ ಸಾರಜನಕ ಇಳಿಸಿದೆ. ನೀರು ಬೆಳಗ್ಗೆ ಮಾತ್ರ, ಬುಡಕ್ಕೆ ಮಾತ್ರ. ನಾಲ್ಕು ಗೂಟ ನೆಟ್ಟು ಮೇಲೊಂದು ಪಾರದರ್ಶಕ ಶೀಟಿನ ಚಪ್ಪರ, ಬದಿಗಳೆಲ್ಲ ತೆರೆದೇ. ಆರೋಗ್ಯವಾಗಿದ್ದ ಕೊಂಬೆಗಳ ಇಬ್ಬನಿಯನ್ನು ಕಾಫಿಗೂ ಮುಂಚೆ ಕೊಡವುತ್ತಿದ್ದೆ.

ಬುಡದ ಎಲೆ ಆ ಸಲವೂ ಹಳದಿಯಾಯಿತು, ಬಿಟ್ಟೆ. ಸೆಪ್ಟೆಂಬರ್ ಕೊನೆಗೆ ವಾರವಿಡೀ ಮಳೆ ಎಂದು ಮುನ್ಸೂಚನೆ ಬಂತು. ಭೂತಗನ್ನಡಿಯಲ್ಲಿ ನೋಡಿದರೆ ಹೂವಿನ ಮೇಲಿನ ಅಂಟಿನ ಹನಿಗಳು ಹೆಚ್ಚಿನವು ಹಾಲಿನ ಬಣ್ಣಕ್ಕೆ ತಿರುಗಿದ್ದವು, ಹೂವು ಬಲಿಯುತ್ತಿರುವ ಗುರುತು ಅದು. ಕೆಲವು ಇನ್ನೂ ಗಾಜಿನಂತೆ ತಿಳಿ. ಇನ್ನೊಂದು ವಾರ ಬಿಟ್ಟಿದ್ದರೆ ಚೆನ್ನಾಗಿ ಬಲಿಯುತ್ತಿತ್ತೇನೋ. ಮೋಡ ನೋಡಿದೆ, ಕತ್ತರಿ ತಂದೆ.