ಹಳೆಯ ಕ್ಯಾರವಾನ್‌ಗೆ ಎಷ್ಟು ಕೊಡಬಹುದು?

ಬಳಸಿದ ಕಾರಿಗೆ ಬೆಲೆ ಕಟ್ಟುವುದು ಅಂಥ ಕಷ್ಟದ ಕೆಲಸವೇನಲ್ಲ. ಅದೇ ವರ್ಷದ, ಅದೇ ಮಾದರಿಯ ನಾಲ್ಕಾರು ಕಾರುಗಳು ಮಾರಾಟಕ್ಕಿರುತ್ತವೆ, ಹೋಲಿಸಿದರಾಯಿತು. ಮಂಚ, ಅಡುಗೆಮನೆ ಕೂರಿಸಿದ ಗಾಡಿಯಾದ ಕ್ಯಾರವಾನ್‌ಗೆ ಆ ಅನುಕೂಲವಿಲ್ಲ. ಮಂಗಳೂರು, ಉಡುಪಿ ಎರಡೂ ಕಡೆ ಹುಡುಕಿದರೂ ಸಿಗುವುದು ಬೆರಳೆಣಿಕೆಯಷ್ಟು, ಅದರಲ್ಲೂ ಒಂದರಂತೆ ಇನ್ನೊಂದಿಲ್ಲ. ಹಾಗಾಗಿ ಮಾರುವವರು ಗಾಡಿಗೆ ಹಾಕಿದ ಹಣ, ಒಳಗೆ ಮಾಡಿಸಿದ ಕೆಲಸದ ಬಿಲ್ಲು ಎರಡನ್ನೂ ಕೂಡಿಸಿ, ಸ್ವಲ್ಪ ಕಳೆದು, ಅದನ್ನೇ ಬೆಲೆ ಎನ್ನುತ್ತಾರೆ. ಅವರ ಪಾಲಿಗೆ ಅದು ನ್ಯಾಯವೇ ಇರಬಹುದು. ಕೊಳ್ಳುವವರು ಆ ಲೆಕ್ಕವನ್ನು ಒಪ್ಪಬೇಕಿಲ್ಲ.

ನಮ್ಮ ಕರಾವಳಿಯಲ್ಲಿ ಇಂಥ ಗಾಡಿಯ ಬೆಲೆ ನಿಂತಿರುವುದು ಮಾಡಿನಿಂದ ಎಷ್ಟು ನೀರು ಇಳಿದಿದೆ, ಅಡಿಯನ್ನು ಉಪ್ಪು ಎಷ್ಟು ತಿಂದಿದೆ ಎಂಬುದರ ಮೇಲೆ. ಅಲ್ಲಿಗೆ ಬರುವ ಮುನ್ನ ಎರಡು ಲೆಕ್ಕ ಮಾಡಿಕೊಳ್ಳಬೇಕು: ಗಾಡಿಯದ್ದು ಒಂದು, ಒಳಗಿನ ಮನೆಯದ್ದು ಒಂದು.

ಮೊದಲು ಬರಿಯ ಗಾಡಿ

ಇಲ್ಲಿ ಕಾಣುವ ಕ್ಯಾರವಾನ್‌ಗಳಲ್ಲಿ ಹೆಚ್ಚಿನವು ಟೆಂಪೊ ಟ್ರಾವೆಲರ್, ಅಂದರೆ ಟಿಟಿಯ ಮೇಲೆ ಕಟ್ಟಿದವು. ಇದು ಕೊಳ್ಳುವವರ ಅದೃಷ್ಟ. ಕೊಲ್ಲೂರು, ಶೃಂಗೇರಿ, ಹೊರನಾಡು, ಧರ್ಮಸ್ಥಳ, ಸುಬ್ರಹ್ಮಣ್ಯ ಎಂದು ವರ್ಷವಿಡೀ ಯಾತ್ರಿಕರನ್ನು ಹೊತ್ತು ಸುತ್ತುವ ಟಿಟಿಗಳ ಊರು ನಮ್ಮದು. ಯಾವ ವರ್ಷದ ಗಾಡಿ ಎಷ್ಟಕ್ಕೆ ಹೋಗುತ್ತದೆ ಎಂಬುದು ಸ್ಟ್ಯಾಂಡಿನಲ್ಲಿ ನಿಂತ ಚಾಲಕರಿಗೆ ಬಾಯಿಪಾಠ. ನಿಮ್ಮ ಕ್ಯಾರವಾನ್‌ನಷ್ಟೇ ವಯಸ್ಸಾದ, ಅಷ್ಟೇ ಓಡಿದ ಸಾಮಾನ್ಯ ಟಿಟಿಗೆ ಈಗ ಎಷ್ಟು ನಡೆಯುತ್ತಿದೆ ಎಂದು ಇಬ್ಬರು ಮೂವರನ್ನು ಕೇಳಿ ಬರೆದುಕೊಳ್ಳಿ. ಇದೇ ನಿಮ್ಮ ಅಡಿಪಾಯ.

ಗಾಡಿ ಐದು ವರ್ಷದೊಳಗಿನದಾದರೆ ವಿಮೆ ಪಾಲಿಸಿಯ ಐಡಿವಿಯನ್ನೂ, ಅಂದರೆ ವಿಮೆಯವರು ಗಾಡಿಗೆ ಕಟ್ಟಿದ ಬೆಲೆಯನ್ನೂ ನೋಡಿ. ಕಂಪನಿಯ ಮಾರಾಟ ಬೆಲೆಯಲ್ಲಿ ಒಂದರಿಂದ ಎರಡು ವರ್ಷದೊಳಗೆ ಶೇ 20, ಎರಡರಿಂದ ಮೂರಕ್ಕೆ ಶೇ 30, ಮೂರರಿಂದ ನಾಲ್ಕಕ್ಕೆ ಶೇ 40, ನಾಲ್ಕರಿಂದ ಐದಕ್ಕೆ ಶೇ 50 ಕಳೆಯುವುದು ವಿಮೆಯವರ ನಿಯಮ. ಮಾರುಕಟ್ಟೆ ಬೆಲೆ ಇದಕ್ಕೆ ಸರಿಯಾಗಿ ಹೊಂದುವುದಿಲ್ಲ, ಆದರೂ ಮಾತುಕತೆಗೆ ಒಂದು ಆಧಾರ ಸಿಗುತ್ತದೆ. 2020ರ ಏಪ್ರಿಲ್ 1ರಿಂದ ಹೊಗೆಯ ಮಿತಿ ಬಿಗಿ ಮಾಡಿದ ಬಿಎಸ್ 6 ಜಾರಿಗೆ ಬಂದಿರುವುದರಿಂದ, ಅದಕ್ಕಿಂತ ಹಿಂದಿನ ಗಾಡಿ ಅಗ್ಗವಾಗಿರಬೇಕು. ಹಳ್ಳಿಯ ಮೆಕ್ಯಾನಿಕ್‌ಗೂ ಕೈಗೆ ಹತ್ತುವ ಗಾಡಿ ಬೇಕೆನ್ನುವವರಿಗೆ ಬಿಎಸ್ 4 ಇಷ್ಟವಾಗಬಹುದು, ಅದು ಬೇರೆ ಮಾತು.

ಒಳಗಿನ ಮನೆ

ಇಲ್ಲಿ ಕನಿಕರ ಬೇಡ. ಮಂಚ, ಕಪಾಟು, ಸೀಲಿಂಗ್, ಬಣ್ಣದ ದೀಪ ಇವೆಲ್ಲ ಬಿಚ್ಚಿದರೆ ಸೌದೆ. ಐದಾರು ವರ್ಷ ಕಳೆದಿದ್ದರೆ ಮರಗೆಲಸದ ಬಿಲ್ಲಿಗೆ ನಾಲ್ಕನೇ ಒಂದು ಪಾಲಿಗಿಂತ ಹೆಚ್ಚು ಕೊಡಲು ನನಗೆ ಕಾರಣ ಕಾಣುವುದಿಲ್ಲ. ಪ್ಲೈವುಡ್ ಯಾವ ದರ್ಜೆಯದ್ದು ಎಂದು ಮಾತ್ರ ಕೇಳಿ. ನೀರಿಗೆ ತಾಳುವ 710 ದರ್ಜೆಯ ಮರೈನ್ ಪ್ಲೈ ಹಾಕಿಸಿ ಬಿಲ್ಲು ಇಟ್ಟುಕೊಂಡವರಿಗೆ ಸ್ವಲ್ಪ ಹೆಚ್ಚು ಕೊಡಬಹುದು. ಬರಿಯ ತೇವಕ್ಕೆ ತಾಳುವ 303 ದರ್ಜೆಯ ಎಂಆರ್ ಪ್ಲೈ ನಮ್ಮ ಮಳೆಗಾಲಗಳನ್ನು ಬಹಳ ದಿನ ತಾಳುವುದಿಲ್ಲ.

ಬಿಚ್ಚಿ ಮಾರಬಹುದಾದ ವಸ್ತುಗಳನ್ನು ಒಂದೊಂದಾಗಿ ಎಣಿಸಿ: 12 ವೋಲ್ಟ್ ಫ್ರಿಜ್, ಇನ್ವರ್ಟರ್, ಸೌರ ಫಲಕ, ಬ್ಯಾಟರಿ. ಸೀಸದ ಬ್ಯಾಟರಿಯ ಸಾಮರ್ಥ್ಯದಲ್ಲಿ ಸುಮಾರು ಅರ್ಧವನ್ನಷ್ಟೇ ಬಳಸುವುದು ಕ್ಷೇಮ, ಮೂರ್ನಾಲ್ಕು ವರ್ಷ ದಾಟಿದ್ದರೆ ಅದರ ಬೆಲೆಯನ್ನು ಸೊನ್ನೆ ಎಂದೇ ಹಿಡಿಯಿರಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದ್ದರೆ ಬಿಲ್ಲು ನೋಡಿ ಬೆಲೆ ಕೊಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸಿಲಿಂಡರ್ ಇಡುವ ಕಡೆ ನೆಲಮಟ್ಟದಲ್ಲಿ ಗಾಳಿಕಿಂಡಿ ಇಲ್ಲದಿದ್ದರೆ ಆ ಅಡುಗೆಮನೆಯನ್ನು ಮತ್ತೆ ಮಾಡಿಸುವ ಖರ್ಚನ್ನೂ ಸೇರಿಸಿಕೊಳ್ಳಿ.

ನೀರು, ಉಪ್ಪು

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಜಾಗದಲ್ಲಿ ಮಾಡು ಕೊರೆದು ಎಸಿ, ಗಾಳಿಕಿಂಡಿ, ಸೌರ ಫಲಕ ಕೂರಿಸಿದ ಗಾಡಿ ಇದು. ಪ್ರತಿ ತೂತೂ ಒಂದು ಸೋರಿಕೆಯ ಸಾಧ್ಯತೆ. ಏಣಿ ಹಾಕಿ ಮೇಲೆ ಹತ್ತಿ. ಅಂಚುಗಳಲ್ಲಿ ಹಳೆಯ ಅಂಟಿನ ಮೇಲೆ ಹೊಸ ಸಿಲಿಕಾನ್ ಬಳಿದಿದ್ದರೆ, ಸೋರಿದ್ದಕ್ಕೇ ಬಳಿದಿದ್ದಾರೆ. ಕೆಳಗಿಳಿದು, ಮಂಚದ ಹಾಸಿಗೆ ಎತ್ತಿ, ಮೂಲೆಯ ಪ್ಲೈವುಡ್ಡನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ಗಟ್ಟಿಯಾಗಿ ಎದುರು ನಿಂತರೆ ಸರಿ. ಒಳಕ್ಕೆ ತಗ್ಗಿ, ಬೆರಳು ತೆಗೆದ ಮೇಲೂ ಗುಳಿ ಹಾಗೆಯೇ ಉಳಿದರೆ ಅದರ ಹಿಂದಿನ ಚೌಕಟ್ಟೂ ಕೊಳೆತಿರುವ ಸಂಭವ ಹೆಚ್ಚು. ಕಪಾಟಿನ ಬಾಗಿಲು ತೆರೆದು ಒಳಗೆ ಮೂಗು ಹಾಕಿ. ಮುಗ್ಗಲು ವಾಸನೆಯನ್ನು ಸುಗಂಧದ ಡಬ್ಬಿ ಎರಡು ಗಂಟೆ ಮರೆಮಾಚಬಹುದು, ಬಾಗಿಲು ಮುಚ್ಚಿಟ್ಟ ಕಪಾಟಿನಲ್ಲಿ ಅಲ್ಲ. ಬೇಸಿಗೆಯಲ್ಲಿ ನೋಡುತ್ತಿದ್ದರೆ ಪೈಪ್ ಹಿಡಿದು ಅರ್ಧ ಗಂಟೆ ಮಾಡಿಗೆ ನೀರು ಬಿಡಲು ಕೇಳಿ. ಅದಕ್ಕೆ ಒಪ್ಪದವರ ಗಾಡಿಯ ಬಗ್ಗೆ ಮುಂದೆ ಯೋಚಿಸಬೇಕಾಗಿಲ್ಲ.

ನನ್ನನ್ನು ಕೇಳಿದರೆ ನೋಡಲು ಒಳ್ಳೆಯ ಕಾಲ ತುಳುವರ ಆಟಿ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮಳೆಯೇ ಪರೀಕ್ಷೆ ಮಾಡಿಕೊಡುತ್ತದೆ. ಆಟಿಯಲ್ಲಿ ಹೊಸದಾಗಿ ವಾಹನ ಮನೆಗೆ ತರಲು ಹಿಂಜರಿಯುವವರು ಬಹಳ, ಹಾಗಾಗಿ ಮಾರುವವರ ಮಾತೂ ಮೆದುವಾಗಿರುತ್ತದೆ. ನವರಾತ್ರಿ ಹತ್ತಿರ ಬಂದರೆ ಅದೇ ಗಾಡಿಯ ಬೆಲೆ ಮೇಲೇರುತ್ತದೆ. ಶಾಸ್ತ್ರ ನೋಡುವವರು ಆಟಿಯಲ್ಲಿ ಮಾತು ಮುಗಿಸಿ, ಮುಂದಿನ ತಿಂಗಳಾದ ಸೋಣದಲ್ಲಿ ಗಾಡಿ ತರಲಿ.

ಇನ್ನು ಅಡಿ. ಮಲ್ಪೆ, ಪಣಂಬೂರು, ತಣ್ಣೀರುಬಾವಿ, ಮರವಂತೆ ಎಂದು ಕಡಲ ಬದಿಯಲ್ಲೇ ರಾತ್ರಿ ಕಳೆಯಲೆಂದು ಜನ ಕ್ಯಾರವಾನ್ ಮಾಡಿಸುತ್ತಾರೆ. ಒಳಗೆ ಮಲಗಿದವರಿಗೆ ಹಿತವಾದ ಗಾಳಿ, ಅಡಿಯ ಕಬ್ಬಿಣಕ್ಕೆ ಉಪ್ಪು. ಟಾರ್ಚ್ ಮತ್ತು ಸ್ಕ್ರೂಡ್ರೈವರ್ ಹಿಡಿದು ಮಲಗಿ ನೋಡಿ. ಚಾಸಿಯ, ಅಂದರೆ ಅಡಿಯ ಚೌಕಟ್ಟಿನ ಉದ್ದಕ್ಕೂ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ. ಟಣ್ ಎನ್ನುವ ಜಾಗ ಗಟ್ಟಿ, ಮಂದವಾಗಿ ಥಪ್ ಎಂದು ಚಕ್ಕೆ ಉದುರಿದರೆ ಒಳಗೆ ಪೊಳ್ಳಾಗಿದೆ. ಲೀಫ್ ಸ್ಪ್ರಿಂಗಿನ ಕೊಂಡಿ, ಡೀಸೆಲ್ ಟ್ಯಾಂಕಿನ ಪಟ್ಟಿ, ಬ್ರೇಕ್ ಪೈಪ್, ಹೆಚ್ಚುವರಿ ಚಕ್ರದ ಚೌಕಟ್ಟು ಇವನ್ನು ಬಿಡಬೇಡಿ. ಅಡಿಗೆ ಪೂರ್ತಿ ಹೊಸ ಕಪ್ಪು ಬಣ್ಣ ಹೊಡೆಸಿದ್ದರೆ ಸಂತೋಷ ಪಡುವ ಬದಲು ಇನ್ನೂ ಜೋರಾಗಿ ತಟ್ಟಿ. ಮೇಲಿನ ತಗಡಿನ ತುಕ್ಕಿಗೆ ಬೆಲೆ ಇಳಿಸಿ ಕೊಳ್ಳಬಹುದು. ಚಾಸಿಯಲ್ಲೇ ತೂತು ಬಿದ್ದಿದ್ದರೆ ಯಾವ ಬೆಲೆಗೂ ಬೇಡ.

ಏರು ಹತ್ತಿಸಿ

ಎಂಜಿನ್ ತಣ್ಣಗಿರುವಾಗಲೇ ಹೋಗಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ಬೆಳಿಗ್ಗೆ ಹೋಗಿ. ಹೆದ್ದಾರಿ 66ರಲ್ಲಿ ನೇರ ಓಡಿಸಿದರೆ ಏನೂ ತಿಳಿಯುವುದಿಲ್ಲ. ಉಡುಪಿಯವರಿಗೆ ಮಣಿಪಾಲದ ಏರು, ಮಂಗಳೂರಿನವರಿಗೆ ಕೆಂಜಾರಿನ ವಿಮಾನ ನಿಲ್ದಾಣದ ಏರು ಸಾಕು. ನೀರಿನ ಟ್ಯಾಂಕ್ ತುಂಬಿಸಿಕೊಂಡೇ ಹತ್ತಿಸಿ. 150 ಲೀಟರ್ ಎಂದರೆ 150 ಕಿಲೊ. ಬೈಕಂಪಾಡಿ ಕಡೆ ಹೋಗುವುದಿದ್ದರೆ ವೇಬ್ರಿಜ್‌ನಲ್ಲಿ ತೂಗಿಸಿ, ಆರ್‌ಸಿಯಲ್ಲಿ ಬರೆದಿರುವ ಒಟ್ಟು ತೂಕದೊಂದಿಗೆ ಹೋಲಿಸಿ. ಜನ ಹತ್ತುವ ಮೊದಲೇ ಮಿತಿ ಮುಟ್ಟಿದ ಗಾಡಿಗಳಿವೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, 2319 ಎಂದಿದ್ದರೆ 2019ರ 23ನೇ ವಾರದ್ದು. ನಿಂತೇ ಇದ್ದ ಗಾಡಿಯ ಟೈರು ಸವೆಯದಿದ್ದರೂ ಬಿರುಕು ಬಿಡುತ್ತದೆ.

ಆರ್‌ಸಿ ಏನನ್ನುತ್ತದೆ

ಒಳಗೆ ಎರಡು ಮಂಚ, ಆರ್‌ಸಿಯಲ್ಲಿ 13 ಸೀಟು. ಇಂಥವು ಸಾಕಷ್ಟಿವೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದೆ ಹೀಗೆ ಬದಲಿಸುವಂತಿಲ್ಲ, ಅಪಘಾತವಾದರೆ ವಿಮೆಯವರು ತಕರಾರು ತೆಗೆಯುವುದೂ ಇಲ್ಲಿಯೇ. ವಾಹನದ ವರ್ಗ ಮೋಟಾರ್ ಕ್ಯಾರವಾನ್ ಅಥವಾ ಕ್ಯಾಂಪರ್ ವ್ಯಾನ್ ಎಂದಿದ್ದರೆ ಮಾತ್ರ ಒಳಗಿನ ಮನೆಗೆ ಬೆಲೆ ಕೊಡಿ. ಇಲ್ಲದಿದ್ದರೆ ಬರಿಯ ಟಿಟಿಯ ಬೆಲೆ, ಅದೂ ಸ್ವಲ್ಪ ಕಡಿಮೆಗೆ.

ಬೇರೆ ರಾಜ್ಯದ ಗಾಡಿ ಅಗ್ಗವೆನಿಸುತ್ತದೆ. ದೆಹಲಿ ಸುತ್ತ 10 ವರ್ಷ ದಾಟಿದ ಡೀಸೆಲ್ ವಾಹನಗಳಿಗೆ ನಿರ್ಬಂಧ ಬಂದಂದಿನಿಂದ ಅಲ್ಲಿನವು ದಕ್ಷಿಣಕ್ಕೆ ಬರುತ್ತಲೇ ಇವೆ. ತಲಪಾಡಿ ಗಡಿಯಾಚೆಯ, ಕಾಸರಗೋಡಿನ ಕೆಎಲ್ 14ರವೂ ಸಿಗುತ್ತವೆ. 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಕರ್ನಾಟಕದ ಸಂಖ್ಯೆ ಪಡೆಯಲೇಬೇಕು, ತೆರಿಗೆ ಕಟ್ಟಬೇಕು. ಎಷ್ಟಾಗುತ್ತದೆ ಎಂದು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಆ ಮೊತ್ತವನ್ನು ಬೆಲೆಯಿಂದ ಕಳೆಯಿರಿ. ಹಳದಿ ಬೋರ್ಡ್ ಆದರೆ ಫಿಟ್‌ನೆಸ್ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ.

ಲೆಕ್ಕ ಹಾಕಿದಾಗ

2018ರ ಗಾಡಿಗೆ 15 ಲಕ್ಷ ಕೇಳುತ್ತಿದ್ದಾರೆ ಎನ್ನೋಣ; ಇವೆಲ್ಲ ಉದಾಹರಣೆಯ ಅಂಕಿಗಳು. ಅದೇ ವಯಸ್ಸಿನ ಟಿಟಿಗೆ ಸ್ಟ್ಯಾಂಡಿನಲ್ಲಿ ಹೇಳಿದ್ದು ಆರೂವರೆ ಲಕ್ಷ. ಒಳಗಿನ ಕೆಲಸದ ಬಿಲ್ಲು 8 ಲಕ್ಷವಿದ್ದರೂ ಈಗ ಉಳಿದದ್ದು 2 ಲಕ್ಷ. ಆರ್‌ಸಿ ಸರಿಯಾಗಿ ಬದಲಾಗಿದೆ, ಆ ಓಡಾಟ ಉಳಿಯಿತೆಂದು 50 ಸಾವಿರ. ಒಟ್ಟು 9 ಲಕ್ಷ. ಇನ್ನು ಕಳೆಯುವುದು: ಹಿಂದೆ ಜೋಡಿ ಚಕ್ರವಿರುವುದರಿಂದ ಆರು ಟೈರಿಗೆ 60 ಸಾವಿರ, ಬ್ಯಾಟರಿಗೆ 40, ಮಾಡು ಮತ್ತು ಒಂದು ಬದಿಯ ಪ್ಲೈಗೆ 70, ಅಡಿಯ ವೆಲ್ಡಿಂಗಿಗೆ 45. ಸೋರಿಕೆ, ತುಕ್ಕುಗಳಿಗೆ ಮೆಕ್ಯಾನಿಕ್ ಹೇಳಿದ್ದಕ್ಕೆ ಅರ್ಧದಷ್ಟು ಸೇರಿಸಿಯೇ ಈ ಅಂಕಿ, ಏಕೆಂದರೆ ಬಿಚ್ಚಿದ ಮೇಲೆ ಕೆಲಸ ಹೆಚ್ಚುತ್ತದೆ. ಉಳಿದದ್ದು 6 ಲಕ್ಷ 85 ಸಾವಿರ. ಆರೂವರೆಯಿಂದ ಮಾತು ಶುರು ಮಾಡಿ, ಏಳೂಕಾಲಕ್ಕೆ ನಿಲ್ಲಿಸಿ. ಹದಿನೈದು ಕೇಳಿದವರು ನಗಬಹುದು. ಪಟ್ಟಿಯನ್ನು ಅವರ ಕೈಗೇ ಕೊಟ್ಟು ಬನ್ನಿ; ಕೊಳ್ಳುವವರು ಕಡಿಮೆ ಇರುವ ವಸ್ತು ಇದು, ಫೋನ್ ಬರುವುದುಂಟು.

ಮುಂಗಡ ಕೊಡುವ ಮುನ್ನ ಪರಿವಾಹನ್ ಜಾಲತಾಣದಲ್ಲಿ ಸಾಲ, ಬಾಕಿ ದಂಡ ನೋಡಿ. ಸಾಲವಿದ್ದರೆ, ಅದು ತೀರಿತೆಂದು ಬ್ಯಾಂಕಿನ ಸಹಿಯಿರುವ ಫಾರ್ಮ್ 35 ಕೈಗೆ ಬರುವವರೆಗೆ ಪೂರ್ಣ ಹಣ ಬೇಡ. ಮಾಲೀಕರ ಹೆಸರು ಬದಲಿಸುವ ಫಾರ್ಮ್ 29, 30ಕ್ಕೆ ಸಹಿಯಾದ ಮೇಲೆ ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಒಳಗಿನ ಉಪಕರಣಗಳನ್ನು ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಬರೆಸಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದಕ್ಕೆ ವಿಮೆ ಕಂತಿನಲ್ಲಿ ಸಿಗುವ ರಿಯಾಯಿತಿ, ನಿಮಗೆ ಬರುವುದಿಲ್ಲ, ಅದನ್ನು ತೋರಿಸಿ ಯಾರಾದರೂ ಬೆಲೆ ಏರಿಸಿದರೆ ಒಪ್ಪಬೇಡಿ.